ಚಿಟ್ಟೆಯ ಒಂದು ಕಾಲಿನಿಂದ ವಂಶವೃಕ್ಷದವರೆಗೆ

ನೋಡಲು ತದ್ರೂಪು ಒಂದೇ ಥರ ಇರುವ ಚಿಟ್ಟೆಗಳು. ಆದರೆ ಅವುಗಳ ಹುಳುಗಳ ಬಣ್ಣ ಬೇರೆ, ತಿನ್ನುವ ಗಿಡ ಬೇರೆ. ಇವೆಲ್ಲ ಒಂದೇ ಪ್ರಭೇದವಾ, ಹಲವಾರಾ? ಕೋಸ್ಟರಿಕಾದ ಗ್ವಾನಕಾಸ್ಟೆ ಕಾಡಿನ ‘ಅಸ್ಟ್ರಾಪ್ಟಿಸ್ ಫಲ್ಗರೇಟರ್’ ಎಂಬ ಚಿಟ್ಟೆಯ ಬಗ್ಗೆ ಈ ಪ್ರಶ್ನೆ ಎದ್ದಿತ್ತು. 2004ರಲ್ಲಿ ಸಂಶೋಧಕರು ಅದರ ಡಿಎನ್‌ಎ ಓದಿ, ಒಂದೇ ಹೆಸರಿನಡಿ ಹತ್ತು ಪ್ರಭೇದಗಳಿವೆ ಎಂದರು. ಸ್ವಲ್ಪ ದಿನಕ್ಕೆ ಇನ್ನೊಬ್ಬರು ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ, ಹತ್ತಿಲ್ಲ, ಅದಕ್ಕಿಂತ ಕಡಿಮೆ ಎಂದು ವಾದಿಸಿದರು. ಡಿಎನ್‌ಎ ಅದೇ, ತೀರ್ಮಾನ ಮಾತ್ರ ಬೇರೆ. ಹಾಗಾಗಿ ಯಂತ್ರ ಡಿಎನ್‌ಎಯ ಅಕ್ಷರಗಳನ್ನು (ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳ ಸಾಲು) ಕೊಟ್ಟ ತಕ್ಷಣ ಕೆಲಸ ಮುಗಿಯುವುದಿಲ್ಲ. ಈ ಕೆಲಸ ಹೇಗೆ ನಡೆಯುತ್ತದೆ, ಎಲ್ಲೆಲ್ಲಿ ಎಡವಬಹುದು ನೋಡೋಣ.

1. ಪ್ರಶ್ನೆ ಮೊದಲು, ಡಿಎನ್‌ಎ ಆಮೇಲೆ

‘ಇದು ಯಾವ ಪ್ರಾಣಿ?’ ಎಂದಷ್ಟೇ ತಿಳಿಯಬೇಕಾದರೆ ಡಿಎನ್‌ಎಯ ಒಂದು ಪುಟ್ಟ ತುಂಡು ಸಾಕು. ‘ಈ ಎರಡು ಗುಂಪುಗಳ ನಡುವೆ ಈಗಲೂ ಸಂತಾನ ಬೆರೆಯುತ್ತಿದೆಯಾ?’ ಎನ್ನುವುದಕ್ಕೆ ಒಂದು ತುಂಡು ಸಾಲದು. ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯಲ್ಲಿ ನೂರಾರು, ಸಾವಿರಾರು ಜಾಗಗಳನ್ನು ನೋಡಬೇಕು. ಕೋಟ್ಯಂತರ ವರ್ಷಗಳ ಹಿಂದೆ ಕವಲೊಡೆದ ಗುಂಪುಗಳ ನಂಟು ಹುಡುಕುವವರಿಗೆ ನಿಧಾನವಾಗಿ ಬದಲಾಗುವ ಜೀನ್‌ಗಳು ಬೇಕು. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಲು ಬರದಿದ್ದರೆ ಮಾದರಿ ಸಂಗ್ರಹಕ್ಕೆ ಹೊರಡಬೇಡಿ.

2. ಮಾದರಿ ಮತ್ತು ಅದರ ಚೀಟಿ

ಕೀಟವಾದರೆ ಒಂದು ಕಾಲು ಸಾಕು. ಹಕ್ಕಿಯಾದರೆ ಗರಿಯ ಬುಡ, ಸಸ್ತನಿಯಾದರೆ ಬೇರು ಸಮೇತ ಕಿತ್ತ ಕೂದಲು. ಪ್ರಾಣಿಯನ್ನು ಮುಟ್ಟದೆಯೂ ಕೆಲಸ ಆಗುತ್ತದೆ. ಲದ್ದಿ, ಕಳಚಿದ ಪೊರೆ, ಮೊಟ್ಟೆಯ ಚಿಪ್ಪಿನಲ್ಲೂ ಡಿಎನ್‌ಎ ಸಿಗುತ್ತದೆ. ಆದರೆ ಅಲ್ಲಿ ಅದು ಕಡಿಮೆ, ಚೂರುಚೂರಾಗಿಯೂ ಇರುತ್ತದೆ.

ಮಾದರಿಯನ್ನು ಕೂಡಲೇ ಶೇ 95ರ ಎಥೆನಾಲ್‌ಗೆ ಹಾಕಿ, ತಂಪಿನಲ್ಲಿಡಿ. ಮಾಂಸದ ತುಂಡಾದರೆ ಅದರಿಂದ ನೀರು ಬಿಟ್ಟು ಎಥೆನಾಲ್ ತೆಳುವಾಗುತ್ತದೆ, ಹಾಗಾಗಿ ಮರುದಿನ ಬದಲಾಯಿಸಿ. ಫಾರ್ಮಲಿನ್ ಮಾತ್ರ ಬೇಡ. ಅದು ದೇಹದ ಆಕಾರ ಉಳಿಸುತ್ತದೆ, ಡಿಎನ್‌ಎಯನ್ನು ಹಾಳು ಮಾಡುತ್ತದೆ.

ಚೀಟಿಯಲ್ಲಿ ಜಾಗ, ಜಿಪಿಎಸ್ ಅಂಕಿ, ದಿನಾಂಕ, ಹಿಡಿದವರ ಹೆಸರು, ಮಾದರಿ ಸಂಖ್ಯೆ ಇರಲಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಎಥೆನಾಲ್‌ನಲ್ಲಿ ಕರಗಿಹೋಗುತ್ತದೆ. ಕಾಲು ತೆಗೆದ ಮೇಲೆ ಉಳಿದ ದೇಹವನ್ನು ಅದೇ ಸಂಖ್ಯೆಯೊಂದಿಗೆ ಮ್ಯೂಸಿಯಂನಲ್ಲಿ ಇಡಿಸಿ. ಫಲಿತಾಂಶದ ಬಗ್ಗೆ ಮುಂದೆ ಯಾರಿಗಾದರೂ ಅನುಮಾನ ಬಂದರೆ ತೆರೆದು ನೋಡಲು ಇರುವುದು ಆ ದೇಹ ಒಂದೇ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ವಸ್ತು ಅದು, ಯಂತ್ರವಲ್ಲ.

ಅನುಮತಿ ಇಲ್ಲದೆ ಹಿಡಿಯಬೇಡಿ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ? ಮಾದರಿ ದೇಶದ ಗಡಿ ದಾಟುವುದಾದರೆ ನಿಯಮ ಇನ್ನೂ ಬಿಗಿ. ಒಂದು ದೇಶದ ಜೀವಸಂಪತ್ತನ್ನು ಬಳಸುವ, ಅದರ ಲಾಭ ಹಂಚಿಕೊಳ್ಳುವ ಬಗ್ಗೆ 2014ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಗೋಯಾ ಒಪ್ಪಂದ ಇರುವುದು ಇಂಥ ವಿಷಯಕ್ಕೇ.

3. ಡಿಎನ್‌ಎ ಹೊರತೆಗೆಯುವುದು

ಇದು ಈಗ ಬಹುಮಟ್ಟಿಗೆ ಕಿಟ್‌ನ ಕೆಲಸ. ಕಾಲನ್ನು ಚೂರು ಮಾಡಿ, ಪ್ರೋಟೀನ್ ಕರಗಿಸುವ ‘ಪ್ರೋಟಿನೇಸ್ ಕೆ’ ಎಂಬ ಕಿಣ್ವದ ದ್ರಾವಣದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುತ್ತಾರೆ. ಆಮೇಲೆ ಸಿಲಿಕಾ ಪದರದ ಮೂಲಕ ಹಾಯಿಸಿದರೆ ಡಿಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ, ಉಳಿದ ಕೊಳೆ ತೊಳೆದುಹೋಗುತ್ತದೆ. ಪ್ರತಿ ಸಲವೂ ಮಾದರಿ ಇಲ್ಲದ ಒಂದು ಖಾಲಿ ಟ್ಯೂಬನ್ನೂ ಇದೇ ಹಾದಿಯಲ್ಲಿ ಕಳಿಸಿ. ಯಾಕೆ ಎಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

4. ಬೇಕಾದ ತುಂಡನ್ನು ಹೆಚ್ಚಿಸುವುದು

ಪ್ರಾಣಿಗಳ ಗುರುತಿಗೆ ಜಾಸ್ತಿ ಬಳಸುವ ತುಂಡು ‘ಸಿಒಐ’ ಎಂಬ ಜೀನಿನದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಾಣಿಗಳ ‘ಬಾರ್‌ಕೋಡ್’ ಆಗಿ ಬಳಸೋಣ ಎಂದು ಸೂಚಿಸಿದರು. ಉದ್ದ ಸುಮಾರು 650 ಅಕ್ಷರ. ಈ ಜೀನ್ ಇರುವುದು ಮೈಟೊಕಾಂಡ್ರಿಯಾದಲ್ಲಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಪುಟ್ಟ ಅಂಗದಲ್ಲಿ. ಒಂದು ಕೋಶದಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎಗೆ ನೂರಾರು ಪ್ರತಿಗಳಿರುತ್ತವೆ. ಹಾಗಾಗಿ ಸಣ್ಣ ಮಾದರಿಯಲ್ಲೂ ಅದು ಕೈಗೆ ಸಿಗುತ್ತದೆ. ಹತ್ತಿರದ ಪ್ರಭೇದಗಳ ನಡುವೆಯೂ ವ್ಯತ್ಯಾಸ ತೋರುವಷ್ಟು ಬೇಗ ಬದಲಾಗುತ್ತದೆ. ಎಲ್ಲ ಪ್ರಾಣಿಗಳಿಗೂ ಇದು ಹೊಂದುವುದಿಲ್ಲ. ಹವಳದ ಜೀವಿಗಳಲ್ಲಿ ಇದು ತೀರಾ ನಿಧಾನವಾಗಿ ಬದಲಾಗುತ್ತದೆ, ಕಪ್ಪೆಗಳಿಗೆ ಅನೇಕರು 16ಎಸ್ ಜೀನನ್ನೂ ಬಳಸುತ್ತಾರೆ.

ಹೆಚ್ಚಿಸುವ ವಿಧಾನ ಪಿಸಿಆರ್. ಅದಕ್ಕಾಗಿ ಕ್ಯಾರಿ ಮಲ್ಲಿಸ್‌ಗೆ 1993ರ ನೊಬೆಲ್ ಬಂತು. 95 ಡಿಗ್ರಿಯಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಯಾಗುತ್ತವೆ. 50ರ ಆಸುಪಾಸಿನಲ್ಲಿ ಡಿಎನ್‌ಎಯ ಪುಟ್ಟ ಎಳೆಗಳಾದ ಪ್ರೈಮರ್‌ಗಳು ತುಂಡಿನ ಎರಡೂ ತುದಿಗೆ ಅಂಟುತ್ತವೆ. 72ರಲ್ಲಿ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿ. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ.

ಅಪಾಯ ಇರುವುದೂ ಇಲ್ಲೇ. ನಿಮ್ಮ ಬೆರಳಿನ ಚರ್ಮದ ಒಂದು ಕಣವೋ, ನಿನ್ನೆಯ ಟ್ಯೂಬಿನ ಹನಿಯೋ ಒಳಗೆ ಬಿದ್ದರೆ ಅದೂ ಹೆಚ್ಚುತ್ತದೆ. ಡಿಎನ್‌ಎ ಹೆಚ್ಚಿತೇ ಎಂದು ನೋಡಲು ಜೆಲ್ ಎಂಬ ಲೋಳೆಯಂಥ ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸಿದಾಗ ಖಾಲಿ ಟ್ಯೂಬಿನ ಸಾಲಿನಲ್ಲಿ ಪಟ್ಟಿ ಕಂಡರೆ ಆ ದಿನದ ಯಾವ ಫಲಿತಾಂಶವನ್ನೂ ನಂಬಬೇಡಿ. ಮೊದಲಿಂದ ಶುರು ಮಾಡಿ. ‘ಪಟ್ಟಿ ತೆಳುವಾಗಿದೆ, ಪರವಾಗಿಲ್ಲ’ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

5. ಅಕ್ಷರ ಓದುವುದು

ಒಂದೇ ತುಂಡಾದರೆ 1977ರಲ್ಲಿ ಬಂದ ಸ್ಯಾಂಗರ್ ವಿಧಾನ ಈಗಲೂ ಸಾಕು. ಎರಡೂ ದಿಕ್ಕಿನಿಂದ ಓದಿಸಿ. ಬಣ್ಣದ ಶಿಖರಗಳ ಚಿತ್ರ ಬರುತ್ತದೆ, ಅದನ್ನು ಕಣ್ಣಾರೆ ನೋಡಿ. ಎರಡು ತುದಿಗಳ ಮಸುಕು ಭಾಗ ಕತ್ತರಿಸಿ.

ಇನ್ನೊಂದು ಮೋಸವಿದೆ. ಮೈಟೊಕಾಂಡ್ರಿಯಾದ ತುಂಡುಗಳು ವಿಕಾಸದ ಹಾದಿಯಲ್ಲಿ ಕೋಶಕೇಂದ್ರದ ಡಿಎನ್‌ಎಗೆ ನಕಲಾಗಿ ಕೂತಿರುತ್ತವೆ. ಪ್ರೈಮರ್ ಕೆಲವೊಮ್ಮೆ ನಿಜವಾದ ಜೀನ್ ಬಿಟ್ಟು ಈ ನಕಲನ್ನು ಹಿಡಿಯುತ್ತದೆ. ಆಗ ಇಲ್ಲದ ಪ್ರಭೇದ ಇದ್ದಂತೆ ಕಾಣುತ್ತದೆ. ಪತ್ತೆಗೆ ಸುಲಭ ದಾರಿ, ಅಕ್ಷರಗಳನ್ನು ಪ್ರೋಟೀನ್‌ಗೆ ಅನುವಾದಿಸಿ ನೋಡುವುದು. ನಡುವೆ ‘ನಿಲ್ಲು’ ಸಂಕೇತ ಬಂದರೆ ಅದು ಕೆಲಸ ಮಾಡುವ ಜೀನ್ ಅಲ್ಲ. ಆದರೆ ತಂತ್ರಾಂಶದಲ್ಲಿ ಸರಿಯಾದ ಸಂಕೇತಪಟ್ಟಿ ಆರಿಸಿ. ಕೀಟಕ್ಕೆ ಅಕಶೇರುಕಗಳ ಮೈಟೊಕಾಂಡ್ರಿಯಾ ಪಟ್ಟಿ ಬೇಕು. ಸಾಮಾನ್ಯ ಪಟ್ಟಿಯಲ್ಲಿ ಟಿಜಿಎ ಎಂದರೆ ‘ನಿಲ್ಲು’, ಇಲ್ಲಿ ಅದು ಟ್ರಿಪ್ಟೊಫಾನ್ ಎಂಬ ಪ್ರೋಟೀನ್ ಘಟಕ. ಪಟ್ಟಿ ತಪ್ಪಿದರೆ ಒಳ್ಳೆಯ ಜೀನನ್ನೇ ಸುಮ್ನೆ ಎಸೆದುಬಿಡುತ್ತೀರಿ.

6. ಹೆಸರು ಹುಡುಕುವುದು

ಅಕ್ಷರಗಳನ್ನು ಜೆನ್‌ಬ್ಯಾಂಕ್ ಅಥವಾ ಬೋಲ್ಡ್ ಎಂಬ ಮುಕ್ತ ಭಂಡಾರದಲ್ಲಿ ಹುಡುಕಿ. ಶೇ 99 ಹೊಂದಿಕೆ ಬಂದರೆ ಖುಷಿಯಾಗುತ್ತದೆ. ಆದರೆ ಅಲ್ಲಿ ಹೆಸರು ಹಾಕಿದವರೂ ಮನುಷ್ಯರೇ, ತಪ್ಪು ಹೆಸರಿನ ದಾಖಲೆಗಳೂ ಇವೆ. ಮೇಲಿನ ಒಂದನ್ನೇ ನೋಡದೆ ಮೊದಲ ಹತ್ತಿಪ್ಪತ್ತು ಫಲಿತಾಂಶ ನೋಡಿ. ಹೊಂದುವ ದಾಖಲೆ ಇಲ್ಲದಿದ್ದರೆ ಹೊಸ ಪ್ರಭೇದ ಸಿಕ್ಕಿತು ಎಂದು ಕುಣಿಯಬೇಡಿ. ಆ ಪ್ರಾಣಿಯ ಡಿಎನ್‌ಎಯನ್ನು ಇನ್ನೂ ಯಾರೂ ಓದಿಲ್ಲದಿರಬಹುದು, ಅಷ್ಟೇ. ‘ಶೇ 2ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇರೆ ಪ್ರಭೇದ’ ಎನ್ನುವುದು ಅಂದಾಜು ಮಾತ್ರ. ಆಫ್ರಿಕಾದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಮೀನುಗಳು ಎಷ್ಟು ಈಚೆಗೆ ಕವಲೊಡೆದಿವೆ ಎಂದರೆ, ಕಣ್ಣಿಗೆ ಬೇರೆ ಕಾಣುವ ಪ್ರಭೇದಗಳನ್ನೂ ಈ ತುಂಡು ಬೇರ್ಪಡಿಸಲಾರದು.

7. ವಂಶವೃಕ್ಷ ಕಟ್ಟುವುದು

ಎಲ್ಲ ಮಾದರಿಗಳ ಅಕ್ಷರಗಳನ್ನು ಒಂದರ ಕೆಳಗೊಂದು ಹೊಂದಿಸಿ. ಮಫ್ಟ್, ಮಸಲ್‌ನಂಥ ಉಚಿತ ತಂತ್ರಾಂಶಗಳಿವೆ. ಗುಂಪಿನ ಹೊರಗಿನ, ಆದರೆ ತೀರಾ ದೂರವಲ್ಲದ ಒಂದು ಪ್ರಾಣಿಯನ್ನೂ ಸೇರಿಸಿ. ಮರದ ಬುಡ ಎಲ್ಲಿ ಎಂದು ಅದರಿಂದಲೇ ತಿಳಿಯುವುದು. ತಂತ್ರಾಂಶ ಮರ ಕಟ್ಟಿಕೊಟ್ಟ ಮೇಲೆ, ಪ್ರತಿ ಕವಲು ಎಷ್ಟು ಗಟ್ಟಿ ಎಂದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹೇಳುವ ಬೂಟ್‌ಸ್ಟ್ರ್ಯಾಪ್ ಅಂಕಿ ಗಮನಿಸಿ. 40 ಎಂದಿರುವ ಕವಲಿನ ಮೇಲೆ ಕತೆ ಕಟ್ಟಬೇಡಿ.

ಅಂಕಿ 100 ಇದ್ದರೂ ನಿಮ್ಮ ಕೈಯಲ್ಲಿರುವುದು ಆ ಜೀನಿನ ಮರ. ಪ್ರಾಣಿಯ ಮರವೂ ಅದೇ ಆಗಬೇಕೆಂದಿಲ್ಲ. ಕರಡಿಗಳನ್ನು ನೋಡಿ. ಅಲಾಸ್ಕಾದ ಅಡ್ಮಿರಾಲ್ಟಿ, ಬರನೋಫ್, ಚಿಚಗೋಫ್ ದ್ವೀಪಗಳ ಕಂದು ಕರಡಿಗಳ ಮೈಟೊಕಾಂಡ್ರಿಯಾ ಉಳಿದ ಕಂದು ಕರಡಿಗಳಿಗಿಂತ ಹಿಮಕರಡಿಗೇ ಹತ್ತಿರ. ಅದನ್ನೇ ನಂಬಿದ್ದರೆ ಹಿಮಕರಡಿ ಎಂಬುದು ಕಂದು ಕರಡಿಯದೇ ಈಚಿನ ಕವಲು ಎನ್ನಬೇಕಿತ್ತು. 2012ರಲ್ಲಿ ಕೋಶಕೇಂದ್ರದ ಹಲವು ಜೀನ್‌ಗಳನ್ನು ಓದಿದಾಗ ಎರಡೂ ಬೇರೆ ಬೇರೆ ವಂಶಗಳು, ಅವು ಕವಲೊಡೆದದ್ದು ತುಂಬಾ ಹಿಂದೆ ಎಂದು ಕಂಡಿತು. ನಡುವೆ ಎಂದೋ ಎರಡೂ ಕೂಡಿದ್ದವು. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಅದು ತಾಯಂದಿರ ಸಾಲಿನ ಕತೆಯನ್ನಷ್ಟೇ ಹೇಳಿತ್ತು. ಕೀಟಗಳಲ್ಲಿ ತಾಯಿಯಿಂದ ಮರಿಗೆ ದಾಟುವ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯವೂ ಈ ಸಾಲನ್ನು ಕಲಸಿಬಿಡುತ್ತದೆ. ಆದ್ದರಿಂದ ಕೋಶಕೇಂದ್ರದ ಒಂದೆರಡು ಜೀನನ್ನಾದರೂ ಓದಿ, ಎರಡೂ ಮರಗಳನ್ನು ಪಕ್ಕದಲ್ಲಿಟ್ಟು ನೋಡಿ. ಹೊಂದದಿದ್ದರೆ ಬೇಸರ ಬೇಡ, ಕರಡಿಗಳ ಕತೆ ಹೊರಬಂದದ್ದೇ ಹಾಗೆ.

8. ಪ್ರಾಣಿಯೇ ಸಿಗದಿದ್ದರೆ

ಒಂದು ಲೀಟರ್ ನೀರನ್ನು ಸೋಸಿ, ಅದರಲ್ಲಿ ಉದುರಿದ ಡಿಎನ್‌ಎ ಹುಡುಕಬಹುದು. 2008ರಲ್ಲಿ ಫ್ರಾನ್ಸಿನ ಕೊಳಗಳಲ್ಲಿ ಅಮೆರಿಕದ ಬುಲ್‌ಫ್ರಾಗ್ ಕಪ್ಪೆ ಇದೆಯೇ ಎಂದು ನೀರಿನಲ್ಲಿದ್ದ ಡಿಎನ್‌ಎಯಿಂದಲೇ ಪತ್ತೆ ಮಾಡಿದರು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ನೀರನ್ನೂ ಹೀಗೆ ಓದಿದ್ದಾರೆ. ಅಲ್ಲಿ ಸರೀಸೃಪದ ಸುಳಿವಿಲ್ಲ, ಹಾವುಮೀನಿನ ಡಿಎನ್‌ಎ ಮಾತ್ರ ಧಾರಾಳ. ಆದರೆ ಪ್ರಾಣಿ ಎಷ್ಟಿವೆ, ಜೀವಂತ ಇವೆಯಾ ಎಂದು ನೀರು ಸುಲಭವಾಗಿ ಹೇಳುವುದಿಲ್ಲ.

9. ಕೊನೆಗೆ ಹಂಚಿಕೊಳ್ಳುವುದು

ಅಕ್ಷರಗಳನ್ನು ಭಂಡಾರಕ್ಕೆ ಹಾಕುವಾಗ ಮ್ಯೂಸಿಯಂನಲ್ಲಿರುವ ದೇಹದ ಸಂಖ್ಯೆಯನ್ನೂ, ಜಿಪಿಎಸ್ ಅಂಕಿಯನ್ನೂ ಸೇರಿಸಿ. ಬೇಟೆಗಾರರ ಕಣ್ಣಿರುವ ಪ್ರಾಣಿಯಾದರೆ ಜಾಗದ ಅಂಕಿಯನ್ನು ಮಸುಕು ಮಾಡಿ. ಹೊಸ ಪ್ರಭೇದ ಎಂದು ಖಾತ್ರಿಯಾದರೂ ದೇಹದ ವಿವರ, ಆಧಾರ ಮಾದರಿ ಸಹಿತ ಪ್ರಕಟಿಸುವವರೆಗೆ ಹೊಸ ಹೆಸರಿಗೆ ಮಾನ್ಯತೆ ಇಲ್ಲ. ಟ್ಯೂಬಿನಲ್ಲಿ ಉಳಿದ ಡಿಎನ್‌ಎ ಚೆಲ್ಲಬೇಡಿ. ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಅದೇ ಸಂಖ್ಯೆ ಬರೆದಿಡಿ. ನಿಮ್ಮ ಲೆಕ್ಕ ಒಪ್ಪದವರು ಬಂದು ಕೇಳಿದಾಗ ಇನ್ನೊಂದು ಜೀನ್ ಓದಲು ಅದು ಬೇಕಾಗುತ್ತದೆ.