ವಿಂಡೋಸ್ ಹೊಟ್ಟೆಯೊಳಗೆ ಉಬುಂಟು: ನನ್ನ ಅನುಭವ

ಲಿನಕ್ಸ್ ಕಲಿಯಬೇಕಿತ್ತು, ವಿಂಡೋಸ್ ಬಿಡುವ ಹಾಗಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಹಾಕಿಕೊಳ್ಳುವ ಡ್ಯುಯಲ್ ಬೂಟ್ ಮಾಡಲು ಧೈರ್ಯ ಸಾಲಲಿಲ್ಲ. ಇರುವುದು ಒಂದೇ ಲ್ಯಾಪ್‌ಟಾಪ್, ಡಿಸ್ಕನ್ನು ಪಾಲು (ಪಾರ್ಟಿಷನ್) ಮಾಡುವಾಗ ಕೈತಪ್ಪಿದರೆ ಕೆಲಸದ ಫೈಲುಗಳೆಲ್ಲ ಗೋವಿಂದ. ಹಾಗಾಗಿ ಕಂಪ್ಯೂಟರ್‌ನೊಳಗೇ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ 7 ಹಾಕಿಕೊಂಡು, ಅದರೊಳಗೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04 ಇನ್‌ಸ್ಟಾಲ್ ಮಾಡಲು ಹೊರಟೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದು ಎರಡು ಸಂಜೆ ತಿಂದಿತು.

ಮೊದಲ ಪೆಟ್ಟು ಶುರುವಿನಲ್ಲೇ. ಸ್ಟಾರ್ಟ್ ಒತ್ತಿದರೆ ವಿಟಿ-ಎಕ್ಸ್ ಆಫ್ ಆಗಿದೆ ಅನ್ನುವ ಎರರ್. ಇಂಥ ನಕಲಿ ಕಂಪ್ಯೂಟರ್ ಓಡಿಸಲೆಂದು ಇಂಟೆಲ್ ಪ್ರೊಸೆಸರ್‌ನಲ್ಲೇ ಇರುವ ವರ್ಚುವಲೈಸೇಷನ್ ಸೌಲಭ್ಯ ಅದು. ಎಎಂಡಿ ಚಿಪ್‌ಗಳಲ್ಲಿ ಅದಕ್ಕೆ ಎಎಂಡಿ-ವಿ ಅಥವಾ ಎಸ್‌ವಿಎಂ ಎಂಬ ಹೆಸರಿರುತ್ತದೆ. ಅದಿಲ್ಲದೆ ಈಗಿನ ವರ್ಚುವಲ್‌ಬಾಕ್ಸ್ ಓಡುವುದೇ ಇಲ್ಲ. ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಿ ಬಂದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ವರ್ಚುವಲೈಸೇಷನ್ ಆನ್ ಇದೆಯೋ ಇಲ್ಲವೋ ಬರೆದೇ ಇರುತ್ತದೆ. ಅದನ್ನು ಮೊದಲೇ ನೋಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಎರಡನೆಯದು ಪೂರ್ತಿ ನನ್ನ ಅವಸರದ ಫಲ. ಹೊಸ ಯಂತ್ರ ಸೃಷ್ಟಿಸುವಾಗ ಉಬುಂಟುವಿನ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಪ್ರತಿ) ಫೈಲ್ ತೋರಿಸಿದ ಕೂಡಲೇ, 'ಅನ್‌ಅಟೆಂಡೆಡ್ ಇನ್‌ಸ್ಟಾಲ್ ಬೇಡ' ಎನ್ನುವ ಚಿಕ್ಕ ಚೌಕವೊಂದು ಕೆಳಗಿತ್ತು. ಟಿಕ್ ಹಾಕದೆ ಮುಂದೆ ಹೋದೆ. ಉಬುಂಟು ಏನನ್ನೂ ಕೇಳದೆ ತಾನೇ ಇನ್‌ಸ್ಟಾಲ್ ಆಯಿತು. ಪರವಾಗಿಲ್ಲವೇ ಅಂದುಕೊಂಡೆ. ಆಮೇಲೆ ನೋಡಿದರೆ ಯೂಸರ್ ಹೆಸರು ವಿಬಾಕ್ಸ್‌ಯೂಸರ್, ಪಾಸ್‌ವರ್ಡ್ ಚೇಂಜ್‌ಮಿ, ಮತ್ತು ಆ ಯೂಸರ್‌ಗೆ ಸುಡೋ, ಅಂದರೆ ಆಡಳಿತಗಾರನ ಅಧಿಕಾರವೇ ಇಲ್ಲ! ನನ್ನದೇ ಯಂತ್ರದಲ್ಲಿ ನಾನೇ ಅತಿಥಿ. ಸರಿಪಡಿಸುವ ದಾರಿ ಇದೆ, ಆದರೆ ಕಲಿಯಲು ಬಂದವನಿಗೆ ಅಳಿಸಿ ಮತ್ತೆ ಮಾಡುವುದೇ ವಾಸಿ ಅನಿಸಿತು. ಈ ಸಲ ಟಿಕ್ ಹಾಕಿದೆ.

ಕೈಯಾರೆ ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಅಳಿಸಿ ಉಬುಂಟು ಹಾಕು' ಅನ್ನುವ ಆಯ್ಕೆ ಬಂದಾಗ ಬೆರಳು ನಿಂತೇಬಿಟ್ಟಿತು. ಅಳಿಸುವುದು ಯಾವ ಡಿಸ್ಕನ್ನು? ಒಳಗಿನ ಉಬುಂಟುವಿಗೆ ನನ್ನ ಎಸ್‌ಎಸ್‌ಡಿ ಕಾಣಿಸುವುದೇ ಇಲ್ಲ. ಅದಕ್ಕೆ ಕಾಣುವುದು ವಿಂಡೋಸ್‌ನಲ್ಲಿ ವಿಡಿಐ ಎಂಬ ಒಂದು ಫೈಲ್ ಆಗಿ ಕುಳಿತಿರುವ ಡಿಸ್ಕ್ ಮಾತ್ರ. ಪರದೆಯ ಮೇಲೆ 25 ಜಿಬಿ ಎಂದಿದ್ದದ್ದನ್ನು ಕಂಡು ಉಸಿರು ಬಿಟ್ಟೆ. ನನ್ನ ನಿಜವಾದ ಡಿಸ್ಕ್ ಅದರ ಹತ್ತರಷ್ಟು ದೊಡ್ಡದು.

ರ‍್ಯಾಮ್ ವಿಷಯದಲ್ಲಿ ದುರಾಸೆ ಪಟ್ಟೆ. ಒಟ್ಟು 8 ಜಿಬಿಯಲ್ಲಿ 6 ಜಿಬಿಯನ್ನು ಉಬುಂಟುವಿಗೆ ಕೊಟ್ಟೆ. ಹೆಚ್ಚು ಕೊಟ್ಟಷ್ಟೂ ವೇಗ ಎಂಬ ಲೆಕ್ಕ. ಆದದ್ದು ತಿರುಗುಮುರುಗು: ವಿಂಡೋಸ್‌ಗೆ ಉಸಿರಾಡಲು ಜಾಗವಿಲ್ಲದೆ ಡಿಸ್ಕನ್ನೇ ರ‍್ಯಾಮ್‌ನಂತೆ ಉಜ್ಜತೊಡಗಿತು, ಅದು ತೆವಳಿದಾಗ ಒಳಗಿನ ಉಬುಂಟುವೂ ತೆವಳಿತು. 4 ಜಿಬಿ, ಎರಡು ಕೋರ್‌ಗೆ ಇಳಿಸಿದ ಮೇಲೆ ಎರಡೂ ಚೇತರಿಸಿಕೊಂಡವು. ಬ್ರೌಸರ್‌ನ ಟ್ಯಾಬ್‌ಗಳನ್ನು ಮುಚ್ಚಿದರೆ ಇನ್ನೂ ಚೆನ್ನ.

ಸ್ಟೇಟಸ್ ಬಾರ್‌ನಲ್ಲಿ ಪುಟ್ಟದೊಂದು ಹಸಿರು ಆಮೆ ಕಂಡರೆ, ವಿಂಡೋಸ್‌ನದೇ ವರ್ಚುವಲೈಸೇಷನ್ ವ್ಯವಸ್ಥೆಯಾದ ಹೈಪರ್-ವಿ ಆಗಲೇ ಪ್ರೊಸೆಸರ್ ಸೌಲಭ್ಯವನ್ನು ಹಿಡಿದು ಕೂತಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಹೋಗುತ್ತಿದೆ ಎಂದರ್ಥ. ಆಮೆಯನ್ನು ಹೊರಗಟ್ಟಲು ವಿಂಡೋಸ್‌ನ ಮೆಮೊರಿ ಇಂಟಿಗ್ರಿಟಿಯಂಥ ರಕ್ಷಣೆಗಳನ್ನು ಆಫ್ ಮಾಡಬೇಕಾಗಬಹುದು. ನಾನು ಆಮೆಯನ್ನು ಅಲ್ಲೇ ಬಿಟ್ಟಿದ್ದೇನೆ. ಕಲಿಕೆಗೆ ಆ ವೇಗ ಸಾಕು.

ಇನ್‌ಸ್ಟಾಲ್ ಮುಗಿದಾಗ ಪರದೆ ಅಂಗೈಯಗಲ ಇತ್ತು. ಒಳಗಿನ ಉಬುಂಟುವಿಗೆಂದು ವರ್ಚುವಲ್‌ಬಾಕ್ಸ್ ಕೊಡುವ ಗೆಸ್ಟ್ ಅಡಿಷನ್ಸ್ ಹಾಕಿದ ಮೇಲೆ ಕಿಟಕಿ ಎಳೆದಷ್ಟೂ ಹಿಗ್ಗಿತು, ಕಾಪಿ-ಪೇಸ್ಟ್ ಎರಡೂ ಕಡೆ ನಡೆಯಿತು. ಅದಕ್ಕೆ ಮುಂಚೆ ಪ್ರೋಗ್ರಾಂ ಕಟ್ಟುವ ಸಾಧನಗಳಾದ ಜಿಸಿಸಿ, ಮೇಕ್ ಇರುವ ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಹಾಕಿಕೊಳ್ಳಿ. ಗೆಸ್ಟ್ ಅಡಿಷನ್ಸ್‌ನ ಕರ್ನೆಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿಗೆ ಸೇರುವ ತುಣುಕು) ಅಲ್ಲೇ ಕಂಪೈಲ್ ಆಗುತ್ತದೆ. ವಿಂಡೋಸ್, ಉಬುಂಟು ಎರಡೂ ಹಂಚಿಕೊಳ್ಳುವ ಶೇರ್ಡ್ ಫೋಲ್ಡರ್ ಮಾತ್ರ ಕಣ್ಣೆದುರೇ ಇದ್ದರೂ ಬಾಗಿಲು ತೆರೆಯಲಿಲ್ಲ. ನನ್ನ ಯೂಸರನ್ನು ವಿಬಾಕ್ಸ್‌ಎಸ್‌ಎಫ್ ಗುಂಪಿಗೆ ಸೇರಿಸಬೇಕಿತ್ತು. ಸೇರಿಸಿದೆ, ಆದರೂ ತೆರೆಯಲಿಲ್ಲ. ಲಾಗ್‌ಔಟ್ ಆಗಿ ಮತ್ತೆ ಬಂದ ಮೇಲೇ ಗುಂಪು ಲೆಕ್ಕಕ್ಕೆ ಬರುವುದೆಂದು ಹೊಳೆಯಲು ಇಪ್ಪತ್ತು ನಿಮಿಷ ಬೇಕಾಯಿತು.

ಎಲ್ಲ ಸರಿಯಾದಾಗ ಒಂದು ಸ್ನ್ಯಾಪ್‌ಶಾಟ್, ಅಂದರೆ ಬೇಕೆಂದಾಗ ಮರಳಬಹುದಾದ ಆ ಕ್ಷಣದ ಪ್ರತಿ, ತೆಗೆದಿಟ್ಟೆ. ಅದು ಉಪಯೋಗಕ್ಕೆ ಬಂದದ್ದು ಮೂರನೇ ವಾರ. ಹಳೆಯ ಪೈಥಾನ್ ಬೇಡವೆಂದು ಕಿತ್ತುಹಾಕಿದೆ, ಅದನ್ನೇ ನಂಬಿದ್ದ ಡೆಸ್ಕ್‌ಟಾಪ್ ಕೂಡ ಅದರ ಹಿಂದೆಯೇ ಹೋಯಿತು. ತೆಗೆಯಲಿರುವ ಪ್ಯಾಕೇಜ್‌ಗಳ ಪಟ್ಟಿ ತೋರಿಸಿ ಉಬುಂಟು ಕೇಳಿಯೇ ಇತ್ತು, ನಾನೇ ಓದದೆ ಹೂಂ ಅಂದಿದ್ದೆ. ಸ್ನ್ಯಾಪ್‌ಶಾಟ್‌ಗೆ ಮರಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಖುಷಿಯಿಂದ ಹೋಮ್ ಫೋಲ್ಡರ್ ತೆರೆದರೆ, ಆ ಮೂರು ವಾರ ಬರೆದಿದ್ದ ಸ್ಕ್ರಿಪ್ಟ್‌ಗಳೂ ಇರಲಿಲ್ಲ. ಹಿಂದಕ್ಕೆ ಹೋಗುವುದು ಇಡೀ ಡಿಸ್ಕ್, ಕೆಟ್ಟ ಭಾಗ ಮಾತ್ರವಲ್ಲ. ಶೇರ್ಡ್ ಫೋಲ್ಡರ್‌ನಲ್ಲಿ ಎರಡೇ ಎರಡು ಫೈಲ್ ಉಳಿದಿದ್ದವು, ಅದು ವಿಂಡೋಸ್ ಕಡೆ ಇರುವುದರಿಂದ. ಈಗ ನನ್ನ ಬರಹವೆಲ್ಲ ಅಲ್ಲಿಗೇ ಹೋಗುತ್ತದೆ.