ಕರೆಂಟ್ ಹೋದರೂ ಮುಂದುವರಿದ ಲೆಕ್ಕ

ನಾನು ಪಿಎಚ್‌ಡಿ ಮಾಡಿದ್ದು ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ. ಔಷಧದ ಅಣು ಪ್ರೋಟೀನಿಗೆ ಹೇಗೆ ಅಂಟಿಕೊಳ್ಳುತ್ತದೆ ಅಂತ ಸಿಮ್ಯುಲೇಶನ್ ಮಾಡಿ ನೋಡುವುದು ನನ್ನ ಕೆಲಸ. ಸುತ್ತಲಿನ ನೀರೂ ಸೇರಿ ಸುಮಾರು 50 ಸಾವಿರ ಪರಮಾಣು. ಕೈಯಲ್ಲಿದ್ದದ್ದು ನಾಲ್ಕು ಕೋರ್‌ನ ಹಳೇ ಡೆಸ್ಕ್‌ಟಾಪ್. ಇಡೀ ದಿನ ಓಡಿಸಿದರೆ ಅಣುಗಳ ಚಲನೆಯ ಐದು ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡ್) ಸಿಕ್ಕರೆ ಜಾಸ್ತಿ. ಬೇಕಿದ್ದದ್ದು 500.

ಸಿಮ್ಯುಲೇಶನ್ ಓಡಿಸುವ ಗ್ರೋಮ್ಯಾಕ್ಸ್ ತಂತ್ರಾಂಶ, ಲಿನಕ್ಸ್ ಎರಡೂ ಉಚಿತ, ಆ ಚಿಂತೆ ಇರಲಿಲ್ಲ. ಕಾಡಿದ್ದು ಕರೆಂಟು. ಹನ್ನೊಂದನೇ ದಿನ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಎಲ್ಲ ಹೋಯಿತು ಅಂತ ಮಂಕಾಗಿ ಕೂತಿದ್ದೆ. ಲ್ಯಾಬಿನ ಸೀನಿಯರ್ ಅಕ್ಕ ಬಂದು, "ಸಿಪಿಟಿ ಫೈಲ್ ಇದೆಯಲ್ಲೋ, ನೋಡು" ಅಂದರು. ಗ್ರೋಮ್ಯಾಕ್ಸ್ ಹದಿನೈದು ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್, ಅಂದರೆ ಲೆಕ್ಕ ಎಲ್ಲಿಗೆ ಬಂದಿದೆ ಅನ್ನುವುದನ್ನು, ಈ ಸಿಪಿಟಿ ಫೈಲಿನಲ್ಲಿ ಬರೆದಿಡುತ್ತದೆ. ಸಿಪಿಐ ಆಯ್ಕೆ ಜೊತೆ ಆ ಫೈಲ್ ಕೊಟ್ಟರೆ ನಿಂತಲ್ಲಿಂದಲೇ ಶುರು.

ಅವತ್ತೇ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ, ಕರೆಂಟ್ ಬಂದ ಕೂಡಲೇ ಮಷೀನ್ ತಾನೇ ಆನ್ ಆಗುವ ಹಾಗೆ ಮಾಡಿದೆ. ಆನ್ ಆದೊಡನೆ ಸಿಮ್ಯುಲೇಶನ್ ಮುಂದುವರಿಸಲು ಲಿನಕ್ಸ್‌ನಲ್ಲಿ ಕೆಲಸಗಳನ್ನು ತಾನಾಗಿ ಶುರು ಮಾಡಿಸುವ ಕ್ರಾನ್‌ಟ್ಯಾಬ್‌ನಲ್ಲಿ ಒಂದು ಸಾಲು ಹಾಕಿದೆ. ಮುಂದಿನ ವಾರಾಂತ್ಯ ಮೂರು ಸಲ ಕರೆಂಟ್ ಹೋಗಿತ್ತು. ಸೋಮವಾರ ಬಂದು ನೋಡಿದರೆ ಲೆಕ್ಕ ಆರಾಮಾಗಿ ಓಡುತ್ತಿದೆ! ಆ ಖುಷಿ ಇವತ್ತಿಗೂ ನೆನಪಿದೆ.

2015ರಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಶುರುವಾದ ಮೇಲೆ ನಮ್ಮಂಥವರಿಗೂ ದಾರಿ ತೆರೆಯಿತು. ಬೆಂಗಳೂರಿನಲ್ಲೇ ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್‌ನ ಸೂಪರ್‌ಕಂಪ್ಯೂಟರ್ ಪರಮ್ ಉತ್ಕರ್ಷ್ ಇದೆ, 838 ಟೆರಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 838 ಲಕ್ಷ ಕೋಟಿ ಲೆಕ್ಕ. ಐಐಎಸ್‌ಸಿಯ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್, ಅದರ ಸುಮಾರು ನಾಲ್ಕು ಪಟ್ಟು. ಗೈಡ್ ಮೂಲಕ ಇಂಥದ್ದೊಂದು ಯಂತ್ರದಲ್ಲಿ ನನಗೂ ಖಾತೆ ಸಿಕ್ಕಿತು. ಸಿಕ್ಕಿತು ಅಂತ ಎಂಟು ನೋಡ್ (ಸೂಪರ್‌ಕಂಪ್ಯೂಟರ್ ಒಳಗಿನ ಒಂದೊಂದು ಕಂಪ್ಯೂಟರಿಗೆ ನೋಡ್ ಅನ್ನುತ್ತಾರೆ) ಕೇಳಲು ಹೊರಟಿದ್ದೆ. ಮೊದಲು ಒಂದು, ಎರಡು, ನಾಲ್ಕು ಅಂತ ಹತ್ತತ್ತು ನಿಮಿಷ ಓಡಿಸಿ ನೋಡಿದೆ. ನನ್ನ ಸಣ್ಣ ಲೆಕ್ಕಕ್ಕೆ ಎರಡರಾಚೆ ವೇಗ ಹೆಚ್ಚಲೇ ಇಲ್ಲ. ಎರಡೇ ಕೇಳಿದೆ, ಸರದಿಯೂ ಬೇಗ ಬಂತು. ಅಲ್ಲಿ ಒಂದು ಜಾಬ್‌ಗೆ ಇಂತಿಷ್ಟೇ ಗಂಟೆ. ಗ್ರೋಮ್ಯಾಕ್ಸ್‌ನ ಮ್ಯಾಕ್ಸ್‌ಎಚ್ ಆಯ್ಕೆಯಲ್ಲಿ ಆ ಗಂಟೆ ಬರೆದರೆ, ಗಡುವಿಗೆ ಸ್ವಲ್ಪ ಮುಂಚೆಯೇ ಅದು ಚೆಕ್‌ಪಾಯಿಂಟ್ ಬರೆದು ತಾನೇ ನಿಲ್ಲುತ್ತದೆ. ಮತ್ತೆ ಅದೇ ಸಿಪಿಟಿ ಫೈಲ್!

ಇನ್ನು ಡೇಟಾ ಇಳಿಸುವ ಕಷ್ಟ. ಒಂದು ಓಟಕ್ಕೆ ಹತ್ತು ಜಿಬಿ. ಹಾಸ್ಟೆಲ್ ನೆಟ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಫೈಲ್ ನಕಲಿಸುವ ಆರ್‌ಸಿಂಕ್ ಕಮಾಂಡ್‌ಗೆ 'ಪಾರ್ಶಿಯಲ್' ಆಯ್ಕೆ ಸೇರಿಸಿದ ಮೇಲೆ ಉಳಿದಷ್ಟೇ ಇಳಿಯತೊಡಗಿತು. ಆಮೇಲೆ ಹೊಳೆಯಿತು, ಆ ಫೈಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ನೀರು ಅಲ್ವಾ? ಮುಂದಿನ ಓಟಗಳಲ್ಲಿ ಪ್ರೋಟೀನ್, ಔಷಧ ಎರಡನ್ನೇ ಬರೆಸಿದೆ. ಹತ್ತು ಜಿಬಿ ಒಂದಕ್ಕೆ ಇಳಿಯಿತು. ಆದರೆ ಬಿಟ್ಟ ನೀರು ಮತ್ತೆ ಸಿಗದು. ಔಷಧದ ಪಕ್ಕದ ನೀರಿನ ಮೇಲೆ ನಿಮ್ಮ ಪ್ರಶ್ನೆ ನಿಂತಿದ್ದರೆ ಹೀಗೆ ಮಾಡಬೇಡಿ.

ಈಗ ಲ್ಯಾಬಿಗೆ ಹೊಸಬರು ಬಂದರೆ ಮೊದಲ ದಿನವೇ ಒಂದು ಪುಟ್ಟ ಸಿಮ್ಯುಲೇಶನ್ ಓಡಿಸಲು ಹೇಳಿ, ಅರ್ಧದಲ್ಲಿ ನಿಲ್ಲಿಸಿಬಿಡುತ್ತೇನೆ. ನಿಂತಲ್ಲಿಂದ ಅವರೇ ಮುಂದುವರಿಸಿ ತೋರಿಸಬೇಕು.