ಪಪ್ಪನ ಬದುಕನ್ನು 32 ಪುಟಗಳಲ್ಲಿ ಬರೆದ ಬಗೆ

ಕಥೋಲಿಕ ಚರ್ಚಿನ ಶವಸಂಸ್ಕಾರದ ಬಲಿಪೂಜೆಯಲ್ಲಿ ಗುರುಗಳು ನೀಡುವ ಪ್ರಬೋಧನೆ ಮೃತರ ಗುಣಗಾನವಾಗಬಾರದು ಎಂಬ ನಿಯಮವಿದೆ. ಅಲ್ಲಿನ ಮಾತು ಕ್ರಿಸ್ತರ ಮರಣ ಮತ್ತು ಪುನರುತ್ಥಾನಕ್ಕೆ ಸಂಬಂಧಿಸಿರಬೇಕು. ಮನೆಯವರು ಏನಾದರೂ ಹೇಳುವುದಿದ್ದರೆ ಪರಮಪ್ರಸಾದದ ನಂತರ, ಅಂತಿಮ ಬೀಳ್ಕೊಡುಗೆಯ ಪ್ರಾರ್ಥನೆಗೆ ಮೊದಲು, ಚುಟುಕಾಗಿ ಹೇಳಬಹುದು. ನಮ್ಮ ತಂದೆ ತೀರಿಕೊಂಡಾಗ ಆ ಜಾಗದಲ್ಲಿ ನಿಂತು ಅಣ್ಣ ಮಾತನಾಡಿದ. ಪಪ್ಪ ಒಳ್ಳೆಯ ಗಂಡ, ಒಳ್ಳೆಯ ತಂದೆ, ದೈವಭಕ್ತರು, ಎಲ್ಲರಿಗೂ ಬೇಕಾದವರು ಎಂದ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಆ ಮಾತುಗಳನ್ನು ಕೇಳಿ ಯಾರಿಗೂ ಪಪ್ಪನ ಮುಖ ಕಣ್ಣೆದುರು ಬಂದಿರಲಾರದು. ವರ್ಷದ ಪೂಜೆಯ ಹೊತ್ತಿಗೆ ಅವರ ಬಗ್ಗೆ ಮಾತ್ರ ಹೇಳಬಹುದಾದ ಸಂಗತಿಗಳ ಒಂದು ಪುಸ್ತಿಕೆಯನ್ನು ತರಬೇಕೆಂದು ನಾನು ಹೊರಟದ್ದು ಹಾಗೆ. ನಾನು ಕುಮಟಾದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸುವವಳು. ತಮ್ಮ ಮನೆಯ ಹಿರಿಯರ ಬಗ್ಗೆ ಬರೆಯಬೇಕೆಂದಿರುವ ಕೆಲವರು ಕೇಳಿದ್ದರಿಂದ ಆ ಕೆಲಸವನ್ನು ಮಾಡಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಪಪ್ಪನಿಗೆ ದೀಕ್ಷಾಸ್ನಾನವಾದ, ಎಂದರೆ ತಲೆಗೆ ನೀರೆರೆದು ಕ್ರೈಸ್ತರಾಗಿ ಸೇರಿಸಿಕೊಂಡ, ಚರ್ಚಿನ ಕಚೇರಿಗೆ. ಒಬ್ಬ ಕಥೋಲಿಕನ ಬದುಕಿನ ದಾಖಲೆಗೆ ದೀಕ್ಷಾಸ್ನಾನದ ರಿಜಿಸ್ಟರಿಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ತಂದೆತಾಯಿ ಮತ್ತು ಜ್ಞಾನಪಿತೃಗಳ (ಗಾಡ್‌ಪೇರೆಂಟ್ಸ್) ಹೆಸರು ಅದರಲ್ಲಿರುತ್ತದೆ. ಮುಂದೆ ದೃಢೀಕರಣ, ಮದುವೆ ಅಥವಾ ಗುರುದೀಕ್ಷೆ ಎಲ್ಲಿ ನಡೆದರೂ ಆ ಸುದ್ದಿ ದೀಕ್ಷಾಸ್ನಾನದ ಚರ್ಚಿಗೆ ಬಂದು ಅದೇ ನಮೂದಿನ ಪಕ್ಕದಲ್ಲಿ ದಾಖಲಾಗಬೇಕೆಂಬುದು ಚರ್ಚಿನ ಕಾನೂನು. ಹೀಗಾಗಿ ಒಂದೇ ಸಾಲಿನ ಅಂಚಿನಲ್ಲಿ ಪಪ್ಪನ ಮದುವೆಯ ದಿನಾಂಕವೂ ಅಮ್ಮನ ಹೆಸರೂ ಸಿಕ್ಕವು. ಹುಟ್ಟಿದ್ದು 1949ರ ನವೆಂಬರಿನಲ್ಲಿ ಎಂದು ಅಲ್ಲಿತ್ತು. ನೌಕರಿಯ ಸೇವಾ ಪುಸ್ತಕದಲ್ಲಿದ್ದದ್ದು 1950ರ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಆ ಜೂನ್ 1 ನಮ್ಮ ಜಿಲ್ಲೆಯ ಅರ್ಧದಷ್ಟು ಹಿರಿಯರ ಹುಟ್ಟುಹಬ್ಬ ಇರಬೇಕು! ಪುಸ್ತಿಕೆಯಲ್ಲಿ ಚರ್ಚಿನ ದಿನಾಂಕವನ್ನೇ ಹಿಡಿದೆ.

ಅದೇ ರಿಜಿಸ್ಟರು ಇನ್ನೊಂದು ವಿಷಯವನ್ನು ನೆನಪಿಸಿತು. ಪಪ್ಪ ಹುಟ್ಟಿದಾಗ ಕಾರವಾರದ ಚರ್ಚುಗಳು ಗೋವಾ ಮಹಾಧರ್ಮಕ್ಷೇತ್ರಕ್ಕೆ, ಎಂದರೆ ಅಲ್ಲಿನ ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್) ಆಡಳಿತಕ್ಕೆ, ಸೇರಿದ್ದವು. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರವಾಯಿತು, 1976ರಲ್ಲಿ ಕಾರವಾರವೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಆಡಳಿತದಲ್ಲಿಯೂ ಹಾಗೆಯೇ: ಮುಂಬೈ ರಾಜ್ಯದ ಉತ್ತರ ಕನ್ನಡ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಪಪ್ಪ ಮಾತ್ರ ಕಾರವಾರದ ಹತ್ತಿರದ ಅರ್ಗಾ ಕಡೆಯ ಅದೇ ಮನೆಯಲ್ಲಿದ್ದರು. ಕಡೆಗೆ ಆ ಮನೆಯೂ ಉಳಿಯಲಿಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಜಾಗ ಹೋಗಿ, ನಾವು ಪುನರ್ವಸತಿ ಕಾಲೊನಿಗೆ ಬಂದೆವು. ಹಳೆಯ ಮನೆಯ ಒಂದು ಫೋಟೊ ಕೂಡ ನಮ್ಮಲ್ಲಿರಲಿಲ್ಲ. ಅದಕ್ಕಾಗಿ ಅಮ್ಮನನ್ನು ಕೂರಿಸಿಕೊಂಡು ಹಾಳೆಯ ಮೇಲೆ ಮನೆಯ ನಕ್ಷೆ ಬರೆಸಿದೆ: ಪ್ರಾರ್ಥನೆಯ ಪೀಠ ಯಾವ ಗೋಡೆಗಿತ್ತು, ಸಂಜೆ ಮಣಿ ಎಣಿಸುತ್ತ ಪ್ರಾರ್ಥಿಸುವ ಜಪಸರಕ್ಕೆ ಯಾರು ಎಲ್ಲಿ ಮಂಡಿಯೂರುತ್ತಿದ್ದರು, ಅಜ್ಜಿಗೆ ಮಂಡಿನೋವಾದ ಮೇಲೆ ಅವಳ ಕುರ್ಚಿ ಎಲ್ಲಿಗೆ ಬಂತು. ಈ ಉಪಾಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನೇರವಾಗಿ ಪ್ರಶ್ನೆ ಕೇಳಿದರೆ ಅಮ್ಮ ಉತ್ತರಿಸುತ್ತಿದ್ದದ್ದು ಒಂದೇ ಮಾತಿನಲ್ಲಿ, ನಕ್ಷೆ ಬರೆಯುವಾಗ ಮಾತು ನಿಲ್ಲಲೇ ಇಲ್ಲ. ಸ್ಥಳಾಂತರದ ದಿನ ಪಾತ್ರೆಪಗಡೆಗಳಿಗಿಂತ ಮೊದಲು ಪೀಠದ ಶಿಲುಬೆಯನ್ನು ಟವಲಿನಲ್ಲಿ ಸುತ್ತಿ, ಪಪ್ಪ ತಾವೇ ಎತ್ತಿಕೊಂಡು ನಡೆದರೆಂಬುದು ಆಗಲೇ ತಿಳಿದದ್ದು.

ಪಪ್ಪ ಬಸ್ ಚಾಲಕರು. ಕೆಎಸ್‌ಆರ್‌ಟಿಸಿಗೆ ಸೇರಿ, 1997ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾದ ಮೇಲೆ ಅದರಲ್ಲಿ ದುಡಿದು ನಿವೃತ್ತರಾದರು. ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಆಚೆಗೆ, ಮಳೆಗಾಲ ಬೇಸಿಗೆ ಎನ್ನದೆ ಬಸ್ಸು ಹೊಡೆದರು. ಅಪಘಾತರಹಿತ ಚಾಲನೆಗೆ ಸಿಕ್ಕ ಬೆಳ್ಳಿ ಪದಕ ಮನೆಯಲ್ಲಿದೆ. ಈ ಭಾಗವನ್ನು ಪುಸ್ತಿಕೆಯಲ್ಲಿ ಒಂದೇ ಪುಟದಲ್ಲಿ ಮುಗಿಸಿದ್ದೇನೆ, ಏಕೆಂದರೆ ಸೇವಾ ಪುಸ್ತಕ ಹೇಳುವುದು ಅಷ್ಟೇ.

ನಿಜವಾದ ಗಣಿ ಅವರ ಕಿಸೆ ಡೈರಿಗಳು. ಎಲ್‌ಐಸಿ ಏಜೆಂಟರು ಹೊಸ ವರ್ಷಕ್ಕೆ ಕೊಡುವ ಸಣ್ಣ ಡೈರಿಗಳನ್ನು ಅವರು ಒಂದನ್ನೂ ಎಸೆದಿರಲಿಲ್ಲ. ಭಕ್ತಿಯ ಮಾತು ಅವುಗಳಲ್ಲಿ ಒಂದಕ್ಷರವೂ ಇಲ್ಲ. ಶೆಡ್ಯೂಲ್ ನಂಬರು, ಹೊರಟ ಹೊತ್ತು, ಕಿರಾಣಿ ಅಂಗಡಿಯ ಬಾಕಿ, ಮಕ್ಕಳ ಫೀಸು, ಇಷ್ಟೇ. ನಿಧಾನವಾಗಿ ಓದುತ್ತ ಹೋದಂತೆ ಒಂದು ಕ್ರಮ ಕಾಣಿಸಿತು. ಭಾನುವಾರ ಡ್ಯೂಟಿ ಬಿದ್ದ ವಾರಗಳಲ್ಲಿ ಶನಿವಾರ ಸಂಜೆಯ ಜಾಗದಲ್ಲಿ ಒಂದು ಪುಟ್ಟ ಶಿಲುಬೆಯ ಗುರುತು. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೆ ಭಾನುವಾರದ ಕರ್ತವ್ಯ ಸಲ್ಲುತ್ತದೆ. ಭಾದ್ರಪದದ ಚೌತಿಯ ದಿನ ಪ್ರತಿ ವರ್ಷವೂ ಡ್ಯೂಟಿ, ಡಿಸೆಂಬರ್ 24ರ ರಾತ್ರಿ ಬಹುತೇಕ ರಜೆ. ಕಾರವಾರದಿಂದ ಭಟ್ಕಳದವರೆಗೆ ಚೌತಿಗೆ ಮನೆ ಸೇರದವರನ್ನು ಮನೆಯವರು ಸುಮ್ಮನೆ ಬಿಡುವುದಿಲ್ಲ. ಪಪ್ಪ ಸಹೋದ್ಯೋಗಿಗಳ ಚೌತಿಯ ಡ್ಯೂಟಿಗಳನ್ನು ತಾವು ಹೊತ್ತು, ಅವರಿಗೆ ತಮ್ಮ ನಾತಾಳದ (ಕ್ರಿಸ್‌ಮಸ್) ಡ್ಯೂಟಿ ಕೊಡುತ್ತಿದ್ದರು. ಡೈರಿಯ ಎರಡು ತುದಿಗಳನ್ನು ಜೋಡಿಸಿ ನೋಡದಿದ್ದರೆ ಈ ಲೇವಾದೇವಿ ನನಗೆ ಹೊಳೆಯುತ್ತಿರಲಿಲ್ಲ. ಪುಸ್ತಿಕೆಯ ಮೂರು ಪುಟಗಳನ್ನು ಇದಕ್ಕೇ ಕೊಟ್ಟೆ.

ಡೈರಿಗಳಲ್ಲಿ ಇನ್ನೊಂದು ಬಗೆಯ ನಮೂದುಗಳಿದ್ದವು: ಒಂದು ಹೆಸರು, ಮುಂದೆ ಒಂದು ಮೊತ್ತ. ಕೆಲವು, ಘಟ್ಟದಲ್ಲಿ ಅಪಘಾತದಿಂದ ಸತ್ತ ಅಪರಿಚಿತರ ಆತ್ಮಶಾಂತಿಗೆ ಪೂಜೆ ಹೇಳಿಸಿದ ಕಾಣಿಕೆ. ಉಳಿದವು, ಅವರು ಸದಸ್ಯರಾಗಿದ್ದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಮೂಲಕ ಭೇಟಿ ಕೊಡುತ್ತಿದ್ದ ಮನೆಗಳಿಗೆ ತಮ್ಮ ಕೈಯಿಂದ ಸೇರಿಸಿದ್ದು. ಆ ಸಭೆಯ ಸದಸ್ಯರು ಬಡವರ ಮನೆಗೆ ತಾವೇ ಹೋಗುತ್ತಾರೆ, ಕಂಡದ್ದನ್ನು ಹೊರಗೆ ಆಡುವುದಿಲ್ಲ. ಇದನ್ನು ಬರೆಯುವುದಕ್ಕೆ ಅಮ್ಮನ ಒಪ್ಪಿಗೆ ಇರಲಿಲ್ಲ. ‘ಎಡಗೈಗೆ ತಿಳಿಯದ ಹಾಗೆ ಕೊಟ್ಟವರದ್ದನ್ನು ನೀನು ಅಚ್ಚು ಹಾಕಿಸ್ತೀಯಾ?’ ಎಂದು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆ ಮನೆಗಳ ಮಕ್ಕಳು ಈಗ ನನ್ನ ವಯಸ್ಸಿನವರು, ಇದೇ ಪೇಟೆಯಲ್ಲಿ ಓಡಾಡುವವರು. ಹೆಸರು, ಊರು, ಮೊತ್ತ ಎಲ್ಲವನ್ನೂ ಬಿಟ್ಟು, ಸಂಬಳದ ದಿನದ ಲೆಕ್ಕದಲ್ಲಿ ಕಿರಾಣಿ ಬಾಕಿಗಿಂತ ಮೇಲೆ ಒಂದು ಸಾಲು ಯಾವಾಗಲೂ ಇರುತ್ತಿತ್ತೆಂದಷ್ಟೇ ಬರೆದೆ.

ಮಾತನಾಡಿಸಿದವರಲ್ಲಿ ನಮ್ಮ ಬಂಧುಗಳಿಗಿಂತ ಹೊರಗಿನವರೇ ಹೆಚ್ಚು ಉಪಯೋಗಕ್ಕೆ ಬಂದರು. ಬಂಧುಗಳ ಬಳಿ ವಿಶೇಷಣಗಳು ತಯಾರಿರುತ್ತವೆ. ‘ಅವರು ಹೇಗಿದ್ದರು’ ಎಂದು ಕೇಳುವುದನ್ನು ಬಿಟ್ಟು, ‘ವಸ್ತಿ ಬಸ್ಸು ನಿಂತ ಮೇಲೆ ಮಲಗುವವರೆಗೆ ಅವರು ಏನೇನು ಮಾಡುತ್ತಿದ್ದರು’ ಎಂದು ಕೇಳತೊಡಗಿದೆ. ಅವರೊಂದಿಗೆ ದುಡಿದ, ಈಗ ಅಂಕೋಲೆಯಲ್ಲಿರುವ ಒಬ್ಬ ಕಂಡಕ್ಟರ್ ಮಾಮ ಕ್ರಮವಾಗಿ ಹೇಳಿದರು: ಮೊದಲು ಟಯರಿಗೆ ಕಲ್ಲು ಕೊಡುವುದು, ಆಮೇಲೆ ಕೈಕಾಲು ತೊಳೆಯುವುದು, ಊಟ, ಕೊನೆಗೆ ಬಸ್ಸಿನ ಮೆಟ್ಟಿಲ ಮೇಲೆ ಕೂತು ಜಪಸರ. ‘ನಾನು ಕ್ಯಾಶ್ ಎಣಿಸೂದೂ ನಿಮ್ಮ ಪಪ್ಪ ಮಣಿ ಎಣಿಸೂದೂ ಒಂದೇ ಹೊತ್ತಿಗೆ ಮುಗೀತಿತ್ತು ತಂಗಿ. ನನ್ನ ಲೆಕ್ಕ ತಪ್ಪಿದ್ರೆ ಅವರು ಸಂತ ಅಂತೋನಿಗೊಂದು ಹೇಳ್ಕೊಂಡು ಟಿಕೆಟ್ ಬುಕ್ಕನ್ನ ಮತ್ತೆ ತಿರುವಿ ನೋಡು ಅಂತಿದ್ರು’ ಎಂದರು. ಕಳೆದದ್ದನ್ನು ಹುಡುಕಿಕೊಡುವ ಸಂತರೆಂದು ಅಂತೋನಿಯವರನ್ನು ನಮ್ಮವರು ನಂಬುತ್ತಾರೆ. ಕಂಡಕ್ಟರ್ ಮಾಮ ಹಿಂದೂಗಳು. ಸಂತರ ಹೆಸರನ್ನು ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಹಳಿಯಾಳ ತಾಲ್ಲೂಕಿನ ಸಿದ್ದಿ ಕಥೋಲಿಕರ ಒಂದು ಹಳ್ಳಿಯಲ್ಲಿ ವಸ್ತಿ ಬಿದ್ದಾಗ ಆ ಮೆಟ್ಟಿಲ ಸುತ್ತ ಹತ್ತಿರದ ಮನೆಯವರೂ ಬಂದು ಕೂರುತ್ತಿದ್ದರೆಂದು ಅಲ್ಲಿನ ಒಬ್ಬ ಅಜ್ಜಿ ಹೇಳಿದರು.

ಬರೆಯಲು ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ತಮ್ಮನ ಮದುವೆಯ ವಿಷಯ. ತಮ್ಮ ಶಿರಸಿಯ ಹಿಂದೂ ಹುಡುಗಿಯನ್ನು ಮದುವೆಯಾಗುತ್ತೇನೆಂದಾಗ ಪಪ್ಪ ಅವನೊಂದಿಗೆ ಮಾತು ಬಿಟ್ಟರು. ಜಪಸರದ ಹೊತ್ತಿನಲ್ಲಿ ಅವನಿಗಾಗಿ ಪ್ರಾರ್ಥಿಸುತ್ತಿದ್ದರು, ಊಟದ ಹೊತ್ತಿನಲ್ಲಿ ಅವನ ಕಡೆ ನೋಡುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡವಳಿಗೆ, ಮನೆಯಲ್ಲಿ ಸದಾ ಪ್ರೀತಿಯೇ ತುಂಬಿತ್ತೆಂದು ಬರೆಯುವುದಕ್ಕೆ ಕೈ ಬರುವುದಿಲ್ಲ. ಈ ಅಧ್ಯಾಯ ಬೇಡವೆಂದು ಅಣ್ಣ ಹೇಳಿದ. ಬೇಕೆಂದು ನಾನು ಹೇಳಿದೆ, ಏಕೆಂದರೆ ಪಪ್ಪನ ವಿಶ್ವಾಸಕ್ಕೆ ಅವರ ಜೀವನದಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆ ಬಂದಿರಲಿಲ್ಲ. ತೀರ್ಮಾನವನ್ನು ತಮ್ಮನಿಗೆ ಬಿಟ್ಟೆವು. ಅವನು ಆ ಪುಟವನ್ನು ತಾನೇ ಬರೆದುಕೊಟ್ಟ. ದೀಕ್ಷಾಸ್ನಾನ ಪಡೆಯದವರೊಂದಿಗೆ ಕಥೋಲಿಕರ ಮದುವೆ ಚರ್ಚಿನ ದೃಷ್ಟಿಯಲ್ಲಿ ಸಿಂಧುವಾಗಬೇಕಾದರೆ ಧರ್ಮಾಧ್ಯಕ್ಷರಿಂದ (ಬಿಷಪ್) ವಿನಾಯಿತಿ ಬೇಕು. ಅದಕ್ಕೆ ಅರ್ಜಿ ಕೊಡಬೇಕು, ವಿಚಾರಣೆಗೆ ಕೂರಬೇಕು. ಆ ಕೆಲಸಕ್ಕೆ ಒಂದು ಬೆಳಿಗ್ಗೆ ಚರ್ಚಿಗೆ ಹೊರಟಿದ್ದ ತಮ್ಮನ ಬೈಕಿನ ಹಿಂದೆ ಪಪ್ಪ ಮಾತಿಲ್ಲದೆ ಹತ್ತಿ ಕೂತರಂತೆ. ಗುರುಗಳ ಮುಂದೆ ‘ನನ್ನ ಮಗ, ಅರ್ಜಿ ಬರೆಯೋದಕ್ಕೆ ಸಹಾಯ ಮಾಡಿ’ ಎಂದರಂತೆ. ನಾನು ಆ ಪುಟದ ಕಾಗುಣಿತವನ್ನು ಮಾತ್ರ ತಿದ್ದಿದ್ದೇನೆ.

ಸಂಸಾರಿಯೊಬ್ಬನ ಭಕ್ತಿಯನ್ನು ಬರೆಯುವುದು ಹೇಗೆಂದು ತಿಳಿಯಲು ಕೆಲವು ಜೀವನಚರಿತ್ರೆಗಳನ್ನೂ ಓದಿದೆ. ವಿನ್ಸೆಂಟ್ ಡಿ ಪೌಲ್ ಸಭೆಯನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರೊಂದಿಗೆ ಆರಂಭಿಸಿದ ಫ್ರೆಡರಿಕ್ ಓಝಾನಮ್ ಮುಂದೆ ಪ್ರಾಧ್ಯಾಪಕರಾದರು, ಮದುವೆಯಾಗಿ ಒಬ್ಬ ಮಗಳ ತಂದೆಯಾದರು. 1997ರಲ್ಲಿ ಅವರನ್ನು ಪುನೀತರೆಂದು, ಎಂದರೆ ಸಂತಪದವಿಗೆ ಹಿಂದಿನ ಮೆಟ್ಟಿಲಿಗೆ, ಘೋಷಿಸಲಾಯಿತು. 2015ರಲ್ಲಿ ಸಂತಪದವಿ ಪಡೆದ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಯಲ್ಲಿ ಗಂಡ ಗಡಿಯಾರದ ಕೆಲಸದವರು, ಹೆಂಡತಿ ಲೇಸು ಹೆಣೆಸುವ ಉದ್ಯಮ ನಡೆಸಿದವರು. ಝೆಲಿಯವರ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಮಕ್ಕಳ ಕಾಯಿಲೆ, ಕೆಲಸದ ಒತ್ತಡ, ಮಗಳೊಬ್ಬಳ ಹಠ ಇವೇ ಅವುಗಳ ತುಂಬ. ಅವನ್ನು ಓದಿದ ಮೇಲೆ ಡೈರಿಯ ಕಿರಾಣಿ ಬಾಕಿಗಳನ್ನು ಪುಸ್ತಿಕೆಯಿಂದ ತೆಗೆಯಬೇಕೆಂಬ ಅಣ್ಣನ ಸಲಹೆಯನ್ನು ಒಪ್ಪಲು ಸಾಧ್ಯವಾಗಲಿಲ್ಲ. ದೇವರ ಭಯವುಳ್ಳವನ ಮೇಜಿನ ಸುತ್ತ ಮಕ್ಕಳು ಎಣ್ಣೆಮರದ ಸಸಿಗಳಂತೆ ಇರುವರೆಂಬ 128ನೆಯ ಕೀರ್ತನೆಯನ್ನು ಮೊದಲ ಪುಟಕ್ಕೆ ಹಾಕಿಸಿದ್ದು ಅಮ್ಮ. ಅದೊಂದಕ್ಕೆ ಮೂವರೂ ಮಕ್ಕಳು ತಕರಾರಿಲ್ಲದೆ ತಲೆಯಾಡಿಸಿದೆವು.

ಪುಸ್ತಿಕೆ ಕನ್ನಡದಲ್ಲಿದೆ, ಮನೆಯ ಪ್ರಾರ್ಥನೆಗಳನ್ನು ಮಾತ್ರ ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಅಚ್ಚಿನ ಬಗ್ಗೆ ಎರಡು ಮಾತು. ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರಿಂದ ಭಾಗವಾಗಬೇಕು. ಹಾಗಾಗಿ ನಮ್ಮ 30 ಪುಟಗಳ ಬರಹ 32ಕ್ಕೆ ನಿಂತಿತು. ಯುನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದನ್ನು ಮುದ್ರಣಾಲಯದವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಡುತ್ತವೆ. ಬದಲಾಯಿಸಿದ ಮೇಲಿನ ಕರಡನ್ನು ಕಾಗದದ ಮೇಲೆ ತೆಗೆಸಿ ಓದಲೇಬೇಕು, ಅದರಲ್ಲೂ ಹೆಸರುಗಳನ್ನು. ಹಳೆಯ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆಯದೆ 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ.

ಉಳಿದ ಎರಡು ಪುಟಗಳನ್ನು ಖಾಲಿ ಬಿಟ್ಟು, ನೆನಪಿದ್ದದ್ದನ್ನು ಬರೆದು ಮರಳಿಸಿ ಎಂದು ಮೇಲೆ ಅಚ್ಚು ಹಾಕಿಸಿದ್ದೆವು. ವರ್ಷದ ಪೂಜೆಗೆ ಬಂದವರು ಕೆಲವರು ಬರೆದು ಕೊಟ್ಟಿದ್ದಾರೆ. ಡಿಪೋದ ಮೆಕ್ಯಾನಿಕ್ ಒಬ್ಬರು, ಬ್ರೇಕ್ ಸರಿಯಿಲ್ಲವೆಂದು ಪಪ್ಪ ಬಸ್ಸು ಹೊರಡಿಸಲು ಒಪ್ಪದೆ ತಮ್ಮೊಂದಿಗೆ ಜಗಳವಾಡಿದ ಪ್ರಸಂಗವನ್ನು ಪುಟ ತುಂಬ ಬರೆದಿದ್ದಾರೆ. ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮುಂಚೆ ತರುವ ಎರಡನೆಯ ಮುದ್ರಣದಲ್ಲಿ ಆ ಜಗಳ ಸೇರುತ್ತದೆ.